ತೋಳಮಾನವನಿಗೆ ಬೆಳಗಾಗಬೇಕು

ಕಿಟಕಿಯಿಂದ ಮಂಚದವರೆಗೆ ಹೆಜ್ಜೆ ಗುರುತುಗಳು. ಮನುಷ್ಯನ ಪಾದದವಲ್ಲ, ಪ್ರಾಣಿಯ ಪಂಜದವು. ನಿದ್ದೆಯಿಂದ ಎದ್ದ ಲ್ಯಾರಿ ಟಾಲ್ಬಟ್ ಅವನ್ನು ನೋಡುತ್ತಾನೆ. ಅವು ಎಲ್ಲಿಂದ ಬಂದಿವೆ, ಎಲ್ಲಿಗೆ ಬಂದು ನಿಂತಿವೆ ಎಂಬುದು ಅರಿವಾಗುತ್ತಿದ್ದಂತೆ ಗಾಬರಿಬಿದ್ದು ಅವನ್ನು ಅಳಿಸತೊಡಗುತ್ತಾನೆ. ಊರಿನಲ್ಲಿ ಅಷ್ಟರಲ್ಲಾಗಲೇ ಗೋರಿ ತೋಡುವವನ ಹೆಣ ಸಿಕ್ಕಿರುತ್ತದೆ.

1941ರಲ್ಲಿ ಯೂನಿವರ್ಸಲ್ ಸ್ಟುಡಿಯೋ ತೆಗೆದ ‘ದಿ ವುಲ್ಫ್ ಮ್ಯಾನ್’ ಚಿತ್ರದ ದೃಶ್ಯವಿದು. ತೋಳ ಕಚ್ಚಿದ ಮೇಲೆ ರಾತ್ರಿ ತಾನೇ ತೋಳಮಾನವನಾಗುವವನು ಲ್ಯಾರಿ. ಆ ಚಿತ್ರದ ಮಂಜು, ಬೋಳು ಮರ, ಕೂದಲು ತುಂಬಿದ ಮುಖ ಇವತ್ತು ಯಾರನ್ನೂ ಹೆದರಿಸುವುದಿಲ್ಲ. ಆದರೆ ತನ್ನ ಕೋಣೆಯಲ್ಲಿ ತನ್ನದೇ ಹೆಜ್ಜೆಯನ್ನು ಕದ್ದು ಒರೆಸುವ ಆ ಮನುಷ್ಯ ಎಂಬತ್ತು ವರ್ಷ ದಾಟಿದ ಮೇಲೂ ನನ್ನನ್ನು ನಡುಗಿಸುತ್ತಾನೆ. ಈ ಚಿತ್ರವನ್ನು ಇಂದಿನ ಪ್ರೇಕ್ಷಕರಿಗಾಗಿ ಮತ್ತೆ ಕಟ್ಟುವ ಪ್ರಯತ್ನಗಳು ಯಾಕೆ ಮತ್ತೆ ಮತ್ತೆ ಎಡವುತ್ತಿವೆ ಎಂಬ ಪ್ರಶ್ನೆಗೆ ಉತ್ತರ ಈ ದೃಶ್ಯದಲ್ಲೇ ಇದೆ ಎಂದು ನನಗನಿಸುತ್ತದೆ. ತೋಳಮಾನವನ ಕತೆಯ ಭಯ ಇರುವುದು ರಾತ್ರಿಯಲ್ಲಲ್ಲ, ಮರುದಿನದ ಬೆಳಗಿನಲ್ಲಿ.

ಇದೇ ಸ್ಟುಡಿಯೋ 2010ರಲ್ಲಿ ದೊಡ್ಡ ಬಂಡವಾಳ ಹಾಕಿ ‘ದಿ ವುಲ್ಫ್‌ಮ್ಯಾನ್’ ತೆಗೆಯಿತು. 2025ರ ಜನವರಿಯಲ್ಲಿ ಸಣ್ಣ ಬಂಡವಾಳದ ‘ವುಲ್ಫ್ ಮ್ಯಾನ್’ ಬಂತು. ಎರಡೂ ನಿರೀಕ್ಷೆ ಮುಟ್ಟಲಿಲ್ಲ. ಇಷ್ಟಾದರೂ ಆಸೆ ಆರಿಲ್ಲ. ರಕ್ತಪಿಶಾಚಿಯ ಹಳೇ ಚಿತ್ರ ‘ನೋಸ್‌ಫೆರಾಟು’ವನ್ನು ಮತ್ತೆ ತೆರೆಗೆ ತಂದು ಗೆದ್ದ ನಿರ್ದೇಶಕ ರಾಬರ್ಟ್ ಎಗರ್ಸ್ 13ನೇ ಶತಮಾನದ ಇಂಗ್ಲೆಂಡಿನಲ್ಲಿ ನಡೆಯುವ ತೋಳಮಾನವನ ಚಿತ್ರವೊಂದನ್ನು ಘೋಷಿಸಿದ್ದಾರೆ.

ಕನ್ನಡದಲ್ಲಿ ರೀಮೇಕ್ ಎಂದರೆ ಸಾಮಾನ್ಯವಾಗಿ ಪಕ್ಕದ ಭಾಷೆಯ ಗೆದ್ದ ಚಿತ್ರವನ್ನು ತರುವುದು. ಹಾಲಿವುಡ್‌ನಲ್ಲಿ ಹಾಗಲ್ಲ, ಸ್ಟುಡಿಯೋಗಳು ತಮ್ಮ ಮನೆಯ ಹಳೇ ಪೆಟ್ಟಿಗೆಯನ್ನೇ ತೆರೆಯುತ್ತವೆ. ಯೂನಿವರ್ಸಲ್‌ನ ಪೆಟ್ಟಿಗೆಯಲ್ಲಿ ಡ್ರಾಕುಲಾ, ಫ್ರಾಂಕೆನ್‌ಸ್ಟೈನ್, ಮಮ್ಮಿ, ಅದೃಶ್ಯ ಮಾನವ ಎಲ್ಲರೂ ಇದ್ದಾರೆ. ಅವರ ನಡುವೆ ತೋಳಮಾನವನದು ಬೇರೆಯೇ ಪರಿಸ್ಥಿತಿ. ಡ್ರಾಕುಲಾನನ್ನು ಮತ್ತೆ ಮಾಡಹೊರಟವರು 1897ರ ಬ್ರ್ಯಾಮ್ ಸ್ಟೋಕರ್ ಕಾದಂಬರಿಗೆ ಹೋಗಬಹುದು. ಫ್ರಾಂಕೆನ್‌ಸ್ಟೈನ್ ಮಾಡುವವರಿಗೆ 1818ರ ಮೇರಿ ಶೆಲ್ಲಿ ಇದ್ದಾರೆ, ಅದೃಶ್ಯ ಮಾನವನಿಗೆ ಎಚ್.ಜಿ. ವೆಲ್ಸ್ ಇದ್ದಾರೆ. ಹಿಂದಿನ ಚಿತ್ರ ಹಳತಾಗಿದ್ದರೆ ಅದನ್ನು ಬದಿಗಿಟ್ಟು ಮೂಲ ಪುಸ್ತಕದಲ್ಲಿ ಹೊಸ ಎಳೆ ಹುಡುಕಬಹುದು. ತೋಳಮಾನವನಿಗೆ ಹಾಗೆ ಮರಳಿ ಹೋಗಲು ಮೂಲ ಪುಸ್ತಕವೇ ಇಲ್ಲ. ಯುರೋಪಿನ ಹಳ್ಳಿಗಳಲ್ಲಿ ತೋಳವಾಗುವವರ ನಂಬಿಕೆ ಇತ್ತು, ನಿಜ. ಜರ್ಮನಿಯ ಕಲೋನ್ ಹತ್ತಿರದ ಬೆಡ್‌ಬರ್ಗ್‌ನಲ್ಲಿ ಪೀಟರ್ ಸ್ಟುಂಪ್ ಎಂಬವನನ್ನು ತೋಳಮಾನವನೆಂದು ಚಿತ್ರಹಿಂಸೆ ಕೊಟ್ಟು 1589ರಲ್ಲಿ ಕೊಂದರು. ಆದರೆ ಅವನ ಕತೆಯಲ್ಲಿ ತೋಳವಾಗಿಸುವುದು ಸೈತಾನ ಕೊಟ್ಟ ಸೊಂಟಪಟ್ಟಿ. ಅಲ್ಲಿ ಕಡಿತದಿಂದ ಅಂಟುವ ಶಾಪವಿಲ್ಲ, ಬೇಡಬೇಡವೆಂದರೂ ಮೃಗವಾಗುವ ಒಳ್ಳೆಯ ಮನುಷ್ಯನೂ ಇಲ್ಲ.

ಇವತ್ತು ನಾವು ತೋಳಮಾನವನ ‘ನಿಯಮ’ಗಳೆಂದು ತಿಳಿದಿರುವುದರಲ್ಲಿ ಬಹುಪಾಲು ಗಟ್ಟಿಯಾಗಿ ಬೇರೂರಿದ್ದು 1941ರ ಆ ಎಪ್ಪತ್ತು ನಿಮಿಷದ ಚಿತ್ರದಿಂದ. ಅದನ್ನು ಬರೆದವರು ಕರ್ಟ್ ಸಿಯೋಡ್ಮಾಕ್. ಶುದ್ಧ ಮನಸ್ಸಿನವನೂ, ರಾತ್ರಿ ಪ್ರಾರ್ಥನೆ ಮಾಡುವವನೂ ತೋಳವಾಗಬಹುದು ಎಂದು ಚಿತ್ರದಲ್ಲಿ ಎಲ್ಲರೂ ಹೇಳುವ ಪದ್ಯವನ್ನು ಹಳೇ ಜಾನಪದವೆಂದೇ ಎಷ್ಟೋ ಜನ ನಂಬಿದ್ದರು. ಅದನ್ನು ಕಟ್ಟಿದ್ದು ಸಿಯೋಡ್ಮಾಕ್. ಇನ್ನೊಂದು ಸಂಗತಿ ತಿಳಿದಾಗ ನನಗೆ ಆಶ್ಚರ್ಯವಾಗಿತ್ತು. ಆ ಮೂಲ ಪದ್ಯದಲ್ಲಿ ಹುಣ್ಣಿಮೆಯೇ ಇಲ್ಲ, ಇರುವುದು ಶರತ್ಕಾಲದ ಚಂದ್ರ ಮಾತ್ರ. ಹುಣ್ಣಿಮೆ ಸೇರಿಕೊಂಡದ್ದು 1943ರ ಮುಂದಿನ ಭಾಗದಲ್ಲಿ.

ಸಿಯೋಡ್ಮಾಕ್ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು, ಇಂಗ್ಲೆಂಡಿನಲ್ಲಿದ್ದು, ಕೊನೆಗೆ ಅಮೆರಿಕ ಸೇರಿದರು. ಅವರ ಚಿತ್ರಕತೆಯಲ್ಲಿ ತೋಳಮಾನವ ಮುಂದೆ ಯಾರನ್ನು ಕೊಲ್ಲುತ್ತಾನೋ ಅವರ ಅಂಗೈಯಲ್ಲಿ ನಕ್ಷತ್ರವೊಂದು ಕಾಣಿಸಿಕೊಳ್ಳುತ್ತದೆ. ನಕ್ಷತ್ರದ ಗುರುತು ಹಾಕಿ ಜನರನ್ನು ಬೇರ್ಪಡಿಸುತ್ತಿದ್ದ ಕಾಲವದು. ಬಯಸದೇ ಬಂದ ವಿಧಿಯನ್ನು ಹೊತ್ತ ಆ ಪಾತ್ರ ತಾನೇ ಎಂಬರ್ಥದಲ್ಲಿ ಸಿಯೋಡ್ಮಾಕ್ ಮುಂದೆ ಮಾತಾಡಿದ್ದುಂಟು. ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದ್ದು 1941ರ ಡಿಸೆಂಬರ್ 7ರಂದು. ಚಿತ್ರ ಅಮೆರಿಕದ ಥಿಯೇಟರುಗಳಿಗೆ ಬಂದದ್ದು ಅದೇ ವಾರ. ಒಳ್ಳೆಯ ಮನುಷ್ಯರು ಕೊಲ್ಲಲು ಹೊರಡಬೇಕಾದ ವಾರ.

ಆ ಚಿತ್ರ ದೃಶ್ಯವೈಭವಕ್ಕೆ ಎಷ್ಟು ಕಡಿಮೆ ಜಾಗ ಕೊಟ್ಟಿದೆ ಎಂಬುದನ್ನು ಗಮನಿಸಬೇಕು. ಲ್ಯಾರಿಯ ಪಾತ್ರ ಮಾಡಿದ ಲಾನ್ ಚೇನಿ ಜೂನಿಯರ್‌ನ ಮುಖಕ್ಕೆ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ಯಾಕ್ ಪ್ರಾಣಿಯ ಕೂದಲನ್ನು ಗಂಟೆಗಟ್ಟಲೆ ಕೂತು ಅಂಟಿಸಿದರು. ಹಾಗಿದ್ದೂ ಮನುಷ್ಯ ತೋಳವಾಗುವ ದೃಶ್ಯದಲ್ಲಿ ನಮಗೆ ಕಾಣುವುದು ಕಾಲುಗಳು ಮಾತ್ರ. ಮುಖ ನಿಧಾನವಾಗಿ ಬದಲಾಗುವುದನ್ನು ನೋಡಲು ಕೊನೆಯವರೆಗೆ ಕಾಯಬೇಕು. ಅಲ್ಲಿಯೂ ಅದು ಮನುಷ್ಯ ತೋಳವಾಗುವುದಲ್ಲ, ಸತ್ತ ತೋಳ ಮನುಷ್ಯನಾಗುವುದು. ಉಳಿದ ಹೊತ್ತೆಲ್ಲ ನಾವು ನೋಡುವುದು ಹಗಲಿನ ಲ್ಯಾರಿಯನ್ನು. ಅವನು ತನ್ನ ಸ್ಥಿತಿ ಹೇಳಿಕೊಳ್ಳಲು ಹೋಗುತ್ತಾನೆ, ವೈದ್ಯರು ಮನಸ್ಸಿನ ಕಾಯಿಲೆ ಎನ್ನುತ್ತಾರೆ. ಚರ್ಚಿಗೆ ಹೋಗುತ್ತಾನೆ, ಕೂತವರೆಲ್ಲ ಒಬ್ಬೊಬ್ಬರಾಗಿ ತಿರುಗಿ ಅವನನ್ನೇ ನೋಡುತ್ತಾರೆ. ಆ ನೋಟ ತಾಳಲಾರದೆ ಅವನು ಕೂರದೆಯೇ ಹಿಂತಿರುಗುತ್ತಾನೆ. ರಾತ್ರಿ ಕಾಡಿನಲ್ಲಿ ಬೇಟೆಗಾರರಿಟ್ಟ ಕಬ್ಬಿಣದ ಬೋನಿಗೆ ಕಾಲು ಸಿಕ್ಕಿ ಬೀಳುತ್ತಾನೆ, ನಾಯಿಗಳು ಬೊಗಳುತ್ತಾ ಹತ್ತಿರವಾಗುತ್ತವೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತೇವಲ್ಲ, ಆ ಮಾತನ್ನು ತೋಳದ ಕಡೆಯಿಂದ ಕೇಳಿದಂತಿದೆ ಆ ದೃಶ್ಯ.

ಈ ಬೆಳಗನ್ನು ಸರಿಯಾಗಿ ಅರ್ಥಮಾಡಿಕೊಂಡದ್ದು ಯೂನಿವರ್ಸಲ್‌ನ ರೀಮೇಕುಗಳಲ್ಲ, 1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’. ಜಾನ್ ಲ್ಯಾಂಡಿಸ್ ನಿರ್ದೇಶನದ ಆ ಚಿತ್ರವನ್ನು ಎಲ್ಲರೂ ನೆನೆಯುವುದು ರಿಕ್ ಬೇಕರ್ ಮಾಡಿದ ರೂಪಾಂತರಕ್ಕಾಗಿ. ನೆರಳಿನಲ್ಲಿ ಅಡಗಿಸದೆ, ಬೆಳಕು ತುಂಬಿದ ಹಾಲ್‌ನಲ್ಲಿ ಮನುಷ್ಯನ ಅಂಗೈ ಉದ್ದವಾಗುತ್ತದೆ, ಬೆನ್ನುಮೂಳೆ ಉಬ್ಬುತ್ತದೆ, ಮುಖ ಮುಂದಕ್ಕೆ ಚಾಚುತ್ತದೆ. ಆಸ್ಕರ್‌ನಲ್ಲಿ ಅತ್ಯುತ್ತಮ ಮೇಕಪ್ ಎಂಬ ಪ್ರಶಸ್ತಿ ನಿಯಮಿತ ವಿಭಾಗವಾದ ಮೊದಲ ವರ್ಷವೇ ಅದು ಬೇಕರ್ ಕೈ ಸೇರಿತು. ಮೆಚ್ಚಬೇಕಾದ ಕೆಲಸವೇ ಸರಿ. ಆದರೆ ಚಿತ್ರವನ್ನು ಎತ್ತಿ ನಿಲ್ಲಿಸುವುದು ಅದರ ಮುಂದಿನ ಭಾಗ. ರಾತ್ರಿ ತೋಳವಾಗಿದ್ದ ಹುಡುಗ ಬೆಳಗ್ಗೆ ಲಂಡನ್ನಿನ ಮೃಗಾಲಯದಲ್ಲಿ, ತೋಳಗಳ ಬೋನಿನೊಳಗೆ, ಬೆತ್ತಲೆಯಾಗಿ ಕಣ್ಣುಬಿಡುತ್ತಾನೆ. ಸತ್ತ ಗೆಳೆಯ ಪ್ರತಿ ಸಲ ಇನ್ನಷ್ಟು ಕೊಳೆತ ದೇಹದಲ್ಲಿ ಬಂದು ಎದುರು ಕೂತು, ನೀನು ಬದುಕಿರುವವರೆಗೆ ನಮಗೆ ಬಿಡುಗಡೆಯಿಲ್ಲ ಎನ್ನುತ್ತಾನೆ. ಕೊನೆಗೆ ಹಿಂದಿನ ರಾತ್ರಿ ಸತ್ತವರೆಲ್ಲ ಸಾಲಾಗಿ ಕೂತು ಅವನು ಹೇಗೆ ಸಾಯಬೇಕೆಂದು ಸಲಹೆ ಕೊಡುತ್ತಾರೆ. 1941ರ ಕೆಸರಿನ ಹೆಜ್ಜೆ ಇಲ್ಲಿ ಮಾತಾಡುವ ಹೆಣವಾಗಿದೆ. ಹೆಸರಿಗೆ ಇದು ರೀಮೇಕ್ ಅಲ್ಲ. ನನ್ನ ಮಟ್ಟಿಗೆ ಮೂಲ ಚಿತ್ರಕ್ಕೆ ಅತ್ಯಂತ ನಿಷ್ಠವಾದ ರೀಮೇಕ್ ಇದೇ.

2010ರ ಚಿತ್ರಕ್ಕೆ ಎಲ್ಲವೂ ಇತ್ತು. ಬೆನಿಸಿಯೊ ಡೆಲ್ ಟೊರೊ, ಆ್ಯಂಟನಿ ಹಾಪ್‌ಕಿನ್ಸ್, ಎಮಿಲಿ ಬ್ಲಂಟ್, ಮತ್ತೆ ಅದೇ ರಿಕ್ ಬೇಕರ್. ವೆಚ್ಚ ಸುಮಾರು 15 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಜಗತ್ತಿನಾದ್ಯಂತ ಟಿಕೆಟ್‌ನಿಂದ ಬಂದದ್ದು ಅದಕ್ಕಿಂತ ಕಡಿಮೆ. ಚಿತ್ರೀಕರಣಕ್ಕೆ ಕೆಲವೇ ವಾರವಿರುವಾಗ ನಿರ್ದೇಶಕ ಮಾರ್ಕ್ ರೊಮಾನೆಕ್ ಹೊರನಡೆದರು, ಜೋ ಜಾನ್‌ಸ್ಟನ್ ಬಂದರು, ಬಿಡುಗಡೆ ಮತ್ತೆ ಮತ್ತೆ ಮುಂದೆ ಹೋಯಿತು. ಬೇಕರ್ ಮತ್ತು ಡೇವ್ ಎಲ್ಸಿಗೆ ಆಸ್ಕರ್ ಬಂತು. ವಿಚಿತ್ರವೆಂದರೆ, ಮನುಷ್ಯ ತೋಳವಾಗುವ ದೃಶ್ಯಗಳನ್ನೇ ಬಹುಮಟ್ಟಿಗೆ ಕಂಪ್ಯೂಟರ್ ಗ್ರಾಫಿಕ್ಸ್‌ಗೆ ಒಪ್ಪಿಸಲಾಗಿತ್ತು. ಸೋಲಿಗೆ ಗ್ರಾಫಿಕ್ಸ್ ಕಾರಣವೆಂದು ಹಲವರು ಬರೆದರು. ನಾನು ಒಪ್ಪುವುದಿಲ್ಲ. ಚಿತ್ರದ ಅತ್ಯುತ್ತಮ ದೃಶ್ಯವೇ ಗ್ರಾಫಿಕ್ಸ್ ಇರುವಂಥದ್ದು. ಹುಚ್ಚಾಸ್ಪತ್ರೆಯ ಸಭಾಂಗಣದಲ್ಲಿ ವೈದ್ಯರ ಮುಂದೆ ರೋಗಿಯನ್ನು ಕುರ್ಚಿಗೆ ಕಟ್ಟಿ, ಚಂದ್ರ ಮೂಡಿದರೂ ಏನೂ ಆಗುವುದಿಲ್ಲ ನೋಡಿ ಎಂದು ದೊಡ್ಡ ಡಾಕ್ಟರ್ ಉಪನ್ಯಾಸ ಕೊಡುತ್ತಾನೆ. ಅವನ ಬೆನ್ನ ಹಿಂದೆ ರೋಗಿ ಬದಲಾಗುತ್ತಿರುತ್ತಾನೆ. ಹೇಳಿದರೂ ನಂಬದ ಜಗತ್ತು, ಮೂಲ ಚಿತ್ರದ ಆ ನೋವು ಅಲ್ಲಿ ಪೂರ್ತಿ ಜೀವಂತವಾಗಿದೆ.

ಅದು ಎಡವಿದ್ದು ಅಪ್ಪನ ಪಾತ್ರದಲ್ಲಿ. ಹೊಸ ಕತೆಯಲ್ಲಿ ಅಪ್ಪನೇ ಮೊದಲ ತೋಳ. ಹೆಂಡತಿಯನ್ನೂ ಇನ್ನೊಬ್ಬ ಮಗನನ್ನೂ ಕೊಂದವನು ಅವನೇ. ಕೊನೆಗೆ ಉರಿಯುತ್ತಿರುವ ಮನೆಯೊಳಗೆ ಎರಡು ತೋಳಗಳು ಕಾದಾಡುತ್ತವೆ. ಖಳನಾಯಕ ಸಿಕ್ಕ, ಕ್ಲೈಮ್ಯಾಕ್ಸಿಗೆ ಫೈಟ್ ಸಿಕ್ಕಿತು, ಮಗನ ತಪ್ಪು ಹಗುರವಾಯಿತು. ತಪ್ಪು ಹಗುರವಾದ ಕೂಡಲೇ ಬೆಳಗಿಗೆ ಭಾರ ಉಳಿಯುವುದಿಲ್ಲ. ಮಗ ಲಾರೆನ್ಸ್ ಟಾಲ್ಬಟ್ ಮರದ ಪೊಟರೆಯಲ್ಲಿ ರಕ್ತಸಿಕ್ತನಾಗಿ ಏಳುವ ಒಂದು ಬೆಳಗು ಇಲ್ಲಿಯೂ ಇದೆ. ಆದರೆ ಚಿತ್ರಕ್ಕೆ ಅಲ್ಲಿ ನಿಲ್ಲುವ ತಾಳ್ಮೆಯಿಲ್ಲ.

ಆಮೇಲೆ ಸ್ಟುಡಿಯೋ ತನ್ನ ಭೂತಪ್ರೇತಗಳನ್ನೆಲ್ಲ ಒಂದೇ ಸರಣಿಯಲ್ಲಿ ಪೋಣಿಸಲು ಹೊರಟಿತು. 2017ರ ‘ದಿ ಮಮ್ಮಿ’ ಸೋತದ್ದರಿಂದ ಆ ಯೋಜನೆ ಅಲ್ಲಿಗೇ ಮುಗಿಯಿತು. ದಾರಿ ತೋರಿಸಿದ್ದು 2020ರ ‘ದಿ ಇನ್‌ವಿಸಿಬಲ್ ಮ್ಯಾನ್’. ಬರೀ 70 ಲಕ್ಷ ಡಾಲರ್‌ನಲ್ಲಿ ಆದ ಚಿತ್ರ 14 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ನಿರ್ದೇಶಕ ಲೀ ವಾನೆಲ್ ಅದೃಶ್ಯ ವಿಜ್ಞಾನಿಯನ್ನು ಬಿಟ್ಟು ಅವನ ಹಿಂಸೆಯಿಂದ ಓಡಿಬಂದ ಹೆಂಗಸಿನ ಕಡೆಗೆ ಕ್ಯಾಮೆರಾ ತಿರುಗಿಸಿದ್ದರು. ಅವನು ಇಲ್ಲೇ ಇದ್ದಾನೆ ಎಂದು ಅವಳು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಹಳೆಯ ಕತೆಯಲ್ಲೇ ಇದ್ದ, ಯಾರ ಕಣ್ಣಿಗೂ ಬೀಳದಿದ್ದ ಭಯವೊಂದನ್ನು ಅವರು ಹೊರತೆಗೆದಿದ್ದರು. ಅವರೇ ತೋಳಮಾನವನನ್ನೂ ಮಾಡುತ್ತಾರೆ ಎಂದಾಗ ನನ್ನಂಥವರ ಎದೆ ಉಬ್ಬಿತ್ತು.

2025ರ ಚಿತ್ರದಲ್ಲಿ ಬ್ಲೇಕ್ ಎಂಬ ಲೇಖಕ ಹೆಂಡತಿ ಶಾರ್ಲೆಟ್ ಮತ್ತು ಮಗಳು ಜಿಂಜರ್ ಜೊತೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಆರೆಗಾನ್ ಕಾಡಿನಲ್ಲಿರುವ ತನ್ನ ಅಪ್ಪನ ಮನೆಗೆ ಹೊರಡುತ್ತಾನೆ. ದಾರಿಯಲ್ಲಿ ಅಪಘಾತ, ಪ್ರಾಣಿಯೊಂದರ ಉಗುರಿನ ಗಾಯ. ಇಲ್ಲಿ ತೋಳಮಾನವನನ್ನು ಕೊಲ್ಲುವ ಬೆಳ್ಳಿಯಿಲ್ಲ, ಹುಣ್ಣಿಮೆಯಿಲ್ಲ, ಶಾಪವೂ ಇಲ್ಲ. ಇರುವುದು ಕಾಯಿಲೆ. ಒಂದೇ ರಾತ್ರಿಯಲ್ಲಿ ಅದು ಅವನನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ. ಮೊದಲು ಕಿವಿ ಚುರುಕಾಗುತ್ತದೆ. ಗೋಡೆಯ ಮೇಲೆ ಹರಿಯುವ ಜೇಡದ ಹೆಜ್ಜೆ ಅವನಿಗೆ ಯಾರೋ ಧಡಧಡನೆ ನಡೆದಂತೆ ಕೇಳುತ್ತದೆ. ನಂತರ ಮಾತು ಹೋಗುತ್ತದೆ. ಕ್ಯಾಮೆರಾ ಹೆಂಡತಿಯ ಕಡೆಯಿಂದ ಅವನ ಕಡೆಗೆ ಸುತ್ತಿ ಬಂದರೆ ಬೆಳಕು ಬೇರೆ, ಬಣ್ಣ ಬೇರೆ, ಅವಳ ಬಾಯಿಂದ ಬರುವುದು ಅರ್ಥವಿಲ್ಲದ ಸದ್ದು. ಅವಳಿಗೆ ಇವನು ಗುರುಗುಟ್ಟುತ್ತಿದ್ದಾನೆ, ಇವನಿಗೆ ಅವಳೂ ಹಾಗೆಯೇ. ಒಂದೇ ಕೋಣೆ, ಎರಡು ಲೋಕ. ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರು ಈ ದೃಶ್ಯವನ್ನು ಸುಲಭವಾಗಿ ಮರೆಯಲಾರರು. ಎದುರಿಗಿರುವ ಅಪ್ಪ ನಮ್ಮ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತಿರಬಹುದು ಎಂದು ಎಷ್ಟು ರಾತ್ರಿ ಯೋಚಿಸಿರುತ್ತೇವೋ ಅದು ಅಲ್ಲಿ ತೆರೆಯ ಮೇಲಿದೆ. ಇಷ್ಟು ವರ್ಷಗಳ ತೋಳಮಾನವನ ಚಿತ್ರಗಳಲ್ಲಿ ಇದು ನಿಜವಾಗಿಯೂ ಹೊಸದು.

ಹಾಗಾದರೆ ಚಿತ್ರ ಯಾಕೆ ನಿಲ್ಲಲಿಲ್ಲ? ಸುಮಾರು 2.5 ಕೋಟಿ ಡಾಲರ್ ವೆಚ್ಚ, ಗಳಿಕೆ 3.5 ಕೋಟಿಯ ಆಸುಪಾಸು. ಪ್ರಚಾರದ ಖರ್ಚು, ಥಿಯೇಟರಿನವರ ಪಾಲು ಕಳೆದರೆ ಅದು ಗೆಲುವಲ್ಲ. ತೋಳದ ರೂಪ ಚೆನ್ನಾಗಿಲ್ಲ, ಕೂದಲೇ ಇಲ್ಲ, ಯಾರೋ ಚರ್ಮರೋಗದವನಂತಿದ್ದಾನೆ ಎಂಬ ದೂರು ಹೆಚ್ಚು ಕೇಳಿಬಂತು. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನನ್ನ ತಕರಾರು ಬೇರೆ. ಕಾಯಿಲೆ ಒಂದೇ ದಿಕ್ಕಿಗೆ ಹೋಗುತ್ತದೆ. ಶಾಪವಾದರೆ ಹೋಗಿ ಬರುತ್ತದೆ. ಲ್ಯಾರಿ ಪ್ರತಿ ಬೆಳಗ್ಗೆ ಮನುಷ್ಯನಾಗಿ ಮರಳಿ, ತಾನು ಮಾಡಿದ್ದನ್ನು ತಿಳಿದು, ಮುಂದಿನ ರಾತ್ರಿಗಾಗಿ ಕಾಯಬೇಕು. ಬ್ಲೇಕ್‌ಗೆ ಮರಳುವ ದಾರಿಯಿಲ್ಲ. ಒಂದೇ ರಾತ್ರಿಯಲ್ಲಿ ಶುರುವಾದ ಕತೆ ಸೂರ್ಯ ಹುಟ್ಟುವಾಗ ಮುಗಿಯುತ್ತದೆ. ಆ ಬೆಳಕಿನಲ್ಲಿ ಕಣಿವೆಯನ್ನು ನೋಡಲು ಉಳಿಯುವವರು ಹೆಂಡತಿ ಮತ್ತು ಮಗಳು. ಅವನ ಬಗ್ಗೆ ನಮಗೆ ಕನಿಕರ ಬರುತ್ತದೆ, ಆದರೆ ಅವನು ತನ್ನನ್ನು ತಾನು ಎದುರಿಸುವ ಗಳಿಗೆ ಬರುವುದೇ ಇಲ್ಲ. ಪಶ್ಚಾತ್ತಾಪಕ್ಕೆ ಬೇಕಾದಷ್ಟು ಮನುಷ್ಯತ್ವವೇ ಅವನಲ್ಲಿ ಉಳಿದಿರುವುದಿಲ್ಲ. ಚಿತ್ರದ ಅತ್ಯುತ್ತಮ ಕಲ್ಪನೆಯೇ ಅದರ ದೊಡ್ಡ ಕೊರತೆಗೂ ಕಾರಣವಾಯಿತು ಎಂಬುದು ನನಗೆ ಬೇಸರದ ಸಂಗತಿ.

ಇನ್ನೊಂದು ಕಷ್ಟವೂ ಇದೆ, ಅದು ತೋಳದ್ದೇ. ಬ್ರಿಟನ್ನಿನಲ್ಲಿ ತೋಳಗಳು ನಿರ್ನಾಮವಾಗಿ ಶತಮಾನಗಳೇ ಕಳೆದಿವೆ. ವೇಲ್ಸ್‌ನಲ್ಲಿ ನಡೆಯುವ 1941ರ ಕತೆ ಆಗಲೇ ನೆನಪಿನ ಪ್ರಾಣಿಯ ಕತೆಯಾಗಿತ್ತು. ಅಮೆರಿಕದವರು 1995ರಲ್ಲಿ ಯೆಲ್ಲೋಸ್ಟೋನ್ ಕಾಡಿಗೆ ತೋಳಗಳನ್ನು ಮರಳಿ ತಂದು ಬಿಟ್ಟರು. ಇಂದಿನ ಪ್ರೇಕ್ಷಕ ತೋಳವನ್ನು ಕಂಡರೆ ಹೆದರುವ ಮೊದಲು ಅಯ್ಯೋ ಎನ್ನುತ್ತಾನೆ. ನಮ್ಮಲ್ಲೂ ಅಷ್ಟೆ. ಕೊಪ್ಪಳ ಜಿಲ್ಲೆಯ ಬಂಕಾಪುರದ ಕುರುಚಲು ಕಾಡು ಈಗ ತೋಳಗಳಿಗೆಂದೇ ಮೀಸಲಾದ ಧಾಮ. ಅಲ್ಲಿನ ಕುರಿಗಾಹಿಗೆ ತೋಳವೆಂದರೆ ಮರಿ ಹೊತ್ತೊಯ್ಯುವ ಕಳ್ಳ, ಅದು ಮನುಷ್ಯನೊಳಗೆ ಹೊಕ್ಕುವ ದೆವ್ವವಲ್ಲ. ನಮ್ಮ ಭಯದ ಪ್ರಾಣಿ ಹುಲಿ. 1992ರಲ್ಲಿ ಮಹೇಶ್ ಭಟ್ ‘ಜುನೂನ್’ ಮಾಡಿದಾಗ ಹುಣ್ಣಿಮೆಯ ರಾತ್ರಿ ಮನುಷ್ಯ ಆದದ್ದು ಹುಲಿ. ತೋಳವನ್ನೇ ಇಟ್ಟುಕೊಂಡ 2022ರ ‘ಭೇಡಿಯಾ’ ಅರುಣಾಚಲದ ಕಾಡು ಕಡಿಯುವವರ ಎದುರು ತೋಳವನ್ನು ಕಾವಲುಗಾರನನ್ನಾಗಿ ಮಾಡಿತು. ಅಂದರೆ ‘ನಿನ್ನೊಳಗೆ ಮೃಗವಿದೆ’ ಎಂದು ಹೆದರಿಸುವುದು ಈಗ ಸಾಕಾಗುವುದಿಲ್ಲ. ಮೃಗವೇ ವಾಸಿ ಎಂದು ಪ್ರೇಕ್ಷಕ ಹೇಳಿಬಿಡಬಹುದು.

ಹಳೆಯದರಲ್ಲಿ ಬಿಡಲೇಬೇಕಾದದ್ದೂ ಇದೆ. ಮೂಲ ಚಿತ್ರದಲ್ಲಿ ಶಾಪ ಊರಿಗೆ ಬರುವುದು ರೋಮಾ ಅಲೆಮಾರಿಗಳ ಗಾಡಿಯಲ್ಲಿ. ನಾಜಿಗಳು ರೋಮಾ ಜನರನ್ನೂ ಕೊಲ್ಲುತ್ತಿದ್ದ ಕಾಲದಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ಬಂದವರೇ ಹಾಗೆ ಬರೆದರು ಎಂಬುದು ನೋಯಿಸುತ್ತದೆ. ಅದೇ ಚಿತ್ರದಲ್ಲಿ ಲ್ಯಾರಿಯನ್ನು ತಾಯಿಯಂತೆ ನೋಡುವ ಏಕೈಕ ವ್ಯಕ್ತಿ ರೋಮಾ ಮುದುಕಿ ಮಲೇವಾ ಎಂಬುದನ್ನೂ ಹೇಳಬೇಕು. ಹಾಗೆಯೇ ಲ್ಯಾರಿ ನಾಯಕಿ ಗ್ವೆನ್‌ಳನ್ನು ಮೊದಲು ನೋಡುವುದು ಅಪ್ಪನ ದೂರದರ್ಶಕದಲ್ಲಿ, ಅವಳ ಮಲಗುವ ಕೋಣೆಯ ಕಿಟಕಿಯ ಮೂಲಕ. ಚಿತ್ರ ಅದನ್ನು ತುಂಟತನವೆಂದು ತೋರಿಸುತ್ತದೆ. ಇಂದು ಮಾಡುವವರು ಅದನ್ನು ಕಿತ್ತುಹಾಕಬೇಕಿಲ್ಲ, ಅಲ್ಲಿಂದಲೇ ಶುರುಮಾಡಬಹುದು. ಕಡಿತಕ್ಕೂ ಮೊದಲೇ ಈ ಒಳ್ಳೆಯ ಮನುಷ್ಯನಲ್ಲಿ ಏನಿತ್ತು ಎಂದು ಕೇಳಬಹುದು.

ಇವತ್ತಿನ ಲ್ಯಾರಿಗೆ ಬೆಳಗು ಇನ್ನೂ ಕ್ರೂರವಾಗಿರುತ್ತದೆ. 1941ರವನು ಹೆಜ್ಜೆ ಗುರುತನ್ನು ಒರೆಸಿ, ಆಗಿಲ್ಲವೆಂದು ಒಂದು ದಿನ ತನ್ನನ್ನೇ ನಂಬಿಸಿಕೊಳ್ಳಬಹುದಿತ್ತು. ಈಗ ಬೀದಿಯ ಮೂಲೆಯಲ್ಲಿ ಸಿಸಿಟಿವಿ ಇದೆ, ಬಾಗಿಲ ಗಂಟೆಯಲ್ಲೂ ಕ್ಯಾಮೆರಾ ಇದೆ, ಅಪರಿಚಿತನೊಬ್ಬನ ಮೊಬೈಲಿನಲ್ಲಿ ವಿಡಿಯೊ ಇದೆ. ಅವನು ಎದ್ದು ಮುಖ ತೊಳೆಯುವ ಮೊದಲೇ ಅದು ಅವನ ಫೋನಿಗೇ ಬಂದಿರುತ್ತದೆ, ಗೆಳೆಯನೊಬ್ಬ ‘ಇದನ್ನು ನೋಡಿದೆಯಾ’ ಎಂದು ಕಳಿಸಿರುತ್ತಾನೆ. ಮೊಬೈಲ್ ಬಂದ ಮೇಲೆ ಹಾರರ್ ಚಿತ್ರ ಮಾಡುವುದೇ ಕಷ್ಟವಾಯಿತು ಎಂದು ಬರಹಗಾರರು ಗೊಣಗಿ, ನೆಟ್‌ವರ್ಕ್ ಸಿಗದ ಕಾಡಿಗೆ ಪಾತ್ರಗಳನ್ನು ಒಯ್ಯುತ್ತಾರೆ. ವಾನೆಲ್ ಕೂಡ ಒಯ್ದರು. ತೋಳಮಾನವನ ವಿಷಯದಲ್ಲಿ ಕಾಡಿಗಿಂತ ಊರೇ ಭಯಂಕರ ಎಂದು ನನ್ನ ನಂಬಿಕೆ. ಅಳಿಸಲಾಗದ ಹೆಜ್ಜೆ ಗುರುತುಗಳಿರುವುದು ಊರಿನಲ್ಲಿ.

ಕೊನೆಗೆ ಮೂಲ ಚಿತ್ರದ ಅಪ್ಪನ, ಅಂದರೆ ಲ್ಯಾರಿಯ ಅಪ್ಪ ಸರ್ ಜಾನ್ ಬಳಿಗೆ ಬರುತ್ತೇನೆ. 1941ರ ಚಿತ್ರದ ಕೊನೆಯ ರಾತ್ರಿ. ಇದು ಮಗನ ಭ್ರಮೆ ಎಂದೇ ನಂಬಿರುವ ಸರ್ ಜಾನ್ ಅವನನ್ನು ಕುರ್ಚಿಗೆ ಬಿಗಿದು, ಬೇಟೆಗೆ ಹೊರಡುತ್ತಾನೆ. ಬೆಳಗ್ಗೆ ಎದ್ದಾಗ ಎಲ್ಲವೂ ಸುಳ್ಳೆಂದು ಮಗನಿಗೆ ಗೊತ್ತಾಗಲಿ ಎಂಬುದು ಅವನ ಆಸೆ. ಹೊರಡುವಾಗ ಲ್ಯಾರಿ ಒಂದೇ ಒಂದು ಬೇಡಿಕೆ ಇಡುತ್ತಾನೆ. ಬೆಳ್ಳಿಯ ಹಿಡಿಯಿರುವ ತನ್ನ ಕೋಲನ್ನು ಜೊತೆಗೆ ತೆಗೆದುಕೊಂಡು ಹೋಗು ಎನ್ನುತ್ತಾನೆ. ಅದೇ ಕೋಲಿನಿಂದ ಅಪ್ಪ ಮಂಜಿನಲ್ಲಿ ತೋಳವೊಂದನ್ನು ಹೊಡೆದು ಕೊಲ್ಲುತ್ತಾನೆ. ಬಿದ್ದಿರುವ ಮುಖದ ಕೂದಲು ಮಾಯವಾಗುತ್ತಾ ಮಗನ ಮುಖ ಕಾಣಿಸುತ್ತದೆ. ಓಡಿಬಂದ ಊರಿನ ಪೊಲೀಸ್ ಅಧಿಕಾರಿ, ತೋಳ ಗ್ವೆನ್ ಮೇಲೆ ಎರಗಿರಬೇಕು, ಅವಳನ್ನು ಕಾಪಾಡಲು ಲ್ಯಾರಿ ಬಂದಿರಬೇಕು ಎಂದು ಆ ಕ್ಷಣವೇ ತೀರ್ಮಾನಿಸುತ್ತಾನೆ. ಅಪ್ಪ ಬಾಯಿಬಿಡುವುದಿಲ್ಲ. ಚಿತ್ರ ಅಲ್ಲಿಗೆ ಮುಗಿಯುತ್ತದೆ, 1943ರ ಮುಂದಿನ ಭಾಗದ ಹೊತ್ತಿಗೆ ಅವನೂ ಬದುಕಿರುವುದಿಲ್ಲ. ನಡುವೆ ಒಂದು ಬೆಳಗು ಆಗಿರಲೇಬೇಕು. ಮನೆಗೆ ಮರಳಿ, ತಾನೇ ಬಿಗಿದಿದ್ದ ಹಗ್ಗ ಹರಿದು ಬಿದ್ದಿರುವ ಆ ಖಾಲಿ ಕುರ್ಚಿಯ ಮುಂದೆ ಅವನು ನಿಂತಿರಬೇಕು. ಆ ಕೋಣೆಯೊಳಗೆ ಕ್ಯಾಮೆರಾ ಇಡುವ ನಿರ್ದೇಶಕರಿಗಾಗಿ ನಾನು ಕಾಯುತ್ತಿದ್ದೇನೆ.